ಎಂ.ಟೆಕ್ ಓದುವಾಗ ಅರಬ್ಬಿ ಕಲಿತೆ, ಅರ್ಥ ಆಗಿದ್ದು ಬಳ್ಳಾರಿ ಕನ್ನಡ

ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ಈ ವಾಕ್ಯ ಓದಿ: ‘ತಾಲೂಕು ಕಚೇರಿಯಲ್ಲಿ ಅರ್ಜಿ ಮಂಜೂರಾಯ್ತು, ತಕರಾರು ರದ್ದಾಯ್ತು, ಬಾಕಿ ವಸೂಲಿಯಾಯ್ತು, ಅಸಲು ದಾಖಲೆ ಹಾಜರುಪಡಿಸಿ ನಕಲು ತಗೊಂಡು ಹೋಗಿ.’ ಇದರಲ್ಲಿ ಅರಬ್ಬಿ ಮೂಲದ ಶಬ್ದ ಎಷ್ಟಿವೆ?

ಉತ್ತರ ಹನ್ನೊಂದು. ತಾಲೂಕು, ಅರ್ಜಿ, ಮಂಜೂರು, ತಕರಾರು, ರದ್ದು, ಬಾಕಿ, ವಸೂಲಿ, ಅಸಲು, ದಾಖಲೆ, ಹಾಜರು, ನಕಲು. ಇವೆಲ್ಲ ಪರ್ಷಿಯನ್ ಆಡಳಿತದ ಮೂಲಕ, ಉರ್ದು, ಮರಾಠಿಗಳ ಕೈಯಿಂದ ಕೈಗೆ ದಾಟಿ ನಮ್ಮ ತನಕ ಬಂದವು. ಬೇರು ಮಾತ್ರ ಅರಬ್ಬಿ.

ನಮ್ಮ ಅಪ್ಪನಿಗೆ ಅರಬ್ಬಿಯ ಒಂದಕ್ಷರ ಗೊತ್ತಿಲ್ಲ. ಆದರೆ ಹೊಲದ ಕಾಗದ ಹಿಡಿದು ಕಚೇರಿಗೆ ಹೋದ ದಿನ ಸಂಜೆಯೊಳಗೆ ಅವರ ಬಾಯಿಂದ ಇಂಥ ಮೂವತ್ತು ಶಬ್ದವಾದರೂ ಬಂದಿರುತ್ತವೆ. ನಾವು ಕುರುಗೋಡಿನವರು, ದೊಡ್ಡಬಸವೇಶ್ವರನ ಊರಿನವರು. ಅರಬ್ಬಿ ಅಂದರೆ ನಮಗೆ ಸಮುದ್ರದಾಚೆಯ ಭಾಷೆ, ದುಬೈ ಭಾಷೆ ಅಂತಲೇ ನಾನೂ ಬೆಳೆದವನು. ಅದು ನಮ್ಮ ಪಹಣಿಯೊಳಗೇ ಕೂತಿದೆ ಅಂತ ತಿಳಿದಿದ್ದು 22ನೇ ವಯಸ್ಸಿಗೆ, ಹೈದರಾಬಾದಿನಲ್ಲಿ ಎಂ.ಟೆಕ್ ಓದುವಾಗ.

ದುಬೈಗೆ ಹೋಗ್ತೀಯೇನಪ್ಪಾ?

2017ರ ಮಾತು. ಬಳ್ಳಾರಿಯಲ್ಲಿ ಬಿ.ಇ. ಮುಗಿಸಿ ಹೈದರಾಬಾದಿನ ಒಂದು ವಿಶ್ವವಿದ್ಯಾಲಯ ಸೇರಿದ್ದೆ. ಅಲ್ಲಿ ನಮ್ಮ ವಿಭಾಗದ ಹೊರಗಿನ ಒಂದು ವಿಷಯ ಆರಿಸಿಕೊಳ್ಳಬೇಕಿತ್ತು. ಜೊತೆಯವರು ಮ್ಯಾನೇಜ್‌ಮೆಂಟ್, ಎಕನಾಮಿಕ್ಸ್ ಕಡೆ ಹೋದರು. ನನ್ನ ಪ್ರಾಜೆಕ್ಟ್ ಇದ್ದಿದ್ದು ಮೊಬೈಲ್ ಪರದೆಯ ಮೇಲೆ ಲಿಪಿಗಳನ್ನ ಸರಿಯಾಗಿ ಮೂಡಿಸೋ ತಂತ್ರಾಂಶದ ಬಗ್ಗೆ. ಆ ಕ್ಷೇತ್ರದ ಯಾವ ಪುಸ್ತಕ ತೆರೆದರೂ ಉದಾಹರಣೆಗೆ ಮೊದಲು ಬರೋದು ಅರಬ್ಬಿ ಲಿಪಿ. ಹಾಗಾದರೆ ಕಲಿತೇಬಿಡೋಣ ಅಂತ ‘ಅರೇಬಿಕ್, ಆರಂಭಿಕ ಹಂತ’ ಅನ್ನೋ ಕೋರ್ಸಿಗೆ ಹೆಸರು ಕೊಟ್ಟೆ.

ಮನೆಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಯಾಕಪ್ಪಾ, ದುಬೈಗೆ ಹೋಗೋ ವಿಚಾರ ಐತೇನು?’ ಸಿರುಗುಪ್ಪದಲ್ಲಿರೋ ಸೋದರಮಾವ ಇನ್ನೂ ನೇರ: ‘ಮೊದ್ಲು ನೌಕರಿ ಹಿಡಿಯೋ, ಆಮೇಲೆ ಬೇಕಾದ್ದು ಕಲಿಯುವಂತಿ.’

ಅರಬ್ಬಿ ಕಲಿಯೋಕೆ ಹೈದರಾಬಾದಿಗಿಂತ ಒಳ್ಳೇ ಊರು ನಮ್ಮ ಕಡೆ ಇಲ್ಲ. ಹಳೇ ಅರಬ್ಬಿ ಹಸ್ತಪ್ರತಿಗಳನ್ನ ಹುಡುಕಿ ಅಚ್ಚು ಹಾಕೋ ದಾಯಿರತುಲ್ ಮಆರಿಫ್ ಅನ್ನೋ ಸಂಸ್ಥೆ ಅಲ್ಲಿ 1888ರಲ್ಲೇ ಶುರುವಾಗಿತ್ತು. ಈಗ ಅದು 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಅಂಗಳದಲ್ಲಿದೆ. ಉಸ್ಮಾನಿಯಾ, ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಅಂದರೆ ಇಫ್ಲು, 1998ರಲ್ಲಿ ಸ್ಥಾಪನೆಯಾದ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯ, ಈ ಮೂರರಲ್ಲೂ ಅರಬ್ಬಿ ವಿಭಾಗ ಇದೆ.

ಕ್ಲಾಸಿನಲ್ಲಿ ಎಲ್ಲ ಥರದವರೂ ಇದ್ದರು. ಇತಿಹಾಸದ ಸಂಶೋಧಕರು, ಅನುವಾದಕರಾಗಬೇಕು ಅಂದುಕೊಂಡವರು, ಅಣ್ಣ ಕತಾರ್‌ನಲ್ಲಿದ್ದಾನೆ ಅನ್ನೋ ಒಬ್ಬರು, ಜೊತೆಗೆ ನಾನು. ವಾರಕ್ಕೆ ನಾಲ್ಕು ಗಂಟೆ, ಹದಿನೈದು ವಾರ, ಒಟ್ಟು 60 ಗಂಟೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸೋ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಪ್ರಕಾರ, ಇಂಗ್ಲಿಷ್ ಮಾತಾಡೋರು ಅರಬ್ಬಿಯಲ್ಲಿ ಕೆಲಸಕ್ಕೆ ಬರುವಷ್ಟು ಪಳಗಲು ಸುಮಾರು 2200 ಗಂಟೆ ಪಾಠ ಬೇಕು. ಆ ಲೆಕ್ಕದಲ್ಲಿ ನನ್ನ ಸೆಮಿಸ್ಟರ್ ಶೇಕಡಾ ಮೂರೂ ಆಗಲಿಲ್ಲ. ಈ ಲೇಖನದಲ್ಲಿ ಹೇಳ್ತಿರೋದೆಲ್ಲ ಆ ಮೂರು ಪರ್ಸೆಂಟಿನ ಕಥೆ.

ಅಕ್ಷರ: ಎರಡು ವಾರದ ಕೆಲಸ

ಅರಬ್ಬಿಯಲ್ಲಿ 28 ಅಕ್ಷರ. ಬಲದಿಂದ ಎಡಕ್ಕೆ ಬರೆಯೋದು. ಒಂದೇ ಅಕ್ಷರ ಒಂಟಿಯಾಗಿದ್ದಾಗ ಒಂದು ರೂಪ, ಪದದ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಬೇರೆ ಬೇರೆ ರೂಪ. ಹೊಸಬರು ಬೆಚ್ಚಿಬೀಳೋದು ಇಲ್ಲೇ. ಕನ್ನಡದವರು ಬೆಚ್ಚಬೇಕಾಗಿಲ್ಲ. ‘ಕ್ರ’ದಲ್ಲಿರೋ ರಕಾರದ ಒತ್ತಿಗೂ ‘ರ’ ಅಕ್ಷರಕ್ಕೂ ರೂಪದಲ್ಲಿ ಏನು ಸಂಬಂಧ ಇದೆ ಹೇಳಿ? ಒಂದನೇ ಕ್ಲಾಸಿನಲ್ಲಿ ಇಂಥ ಒತ್ತಕ್ಷರ ಕಲಿತವರಿಗೆ ಇದೂ ಅಂಥದ್ದೇ.

ಕಷ್ಟ ಇರೋದು ಸ್ವರಗಳಲ್ಲಿ. ನಮ್ಮಲ್ಲಿ ಬರೆದದ್ದನ್ನ ಬರೆದ ಹಾಗೇ ಓದ್ತೀವಿ. ಅರಬ್ಬಿಯಲ್ಲಿ ಅ, ಇ, ಉ ಅನ್ನೋ ಹ್ರಸ್ವಸ್ವರಗಳನ್ನ ಸಾಮಾನ್ಯವಾಗಿ ಬರೆಯೋದೇ ಇಲ್ಲ. ಪತ್ರಿಕೆಯಲ್ಲಿ ಕ, ತ, ಬ ಅಂತ ಮೂರು ವ್ಯಂಜನ ಕಂಡರೆ ಅದು ‘ಕತಬ’ (ಬರೆದ) ಇರಬಹುದು, ‘ಕುತುಬ್’ (ಪುಸ್ತಕಗಳು) ಕೂಡ ಇರಬಹುದು. ಹಿಂದುಮುಂದಿನ ಮಾತು ನೋಡಿ ತುಂಬಿಕೊಳ್ಳಬೇಕು. ಭಾಷೆ ಗೊತ್ತಿಲ್ಲದೆ ಓದೋಕಾಗಲ್ಲ, ಓದದೆ ಭಾಷೆ ಬರಲ್ಲ.

ಅಂಕಿಗಳದ್ದು ಇನ್ನೊಂದು ಮಜಾ. ಸೌದಿ, ಈಜಿಪ್ಟ್ ಕಡೆ ಬಳಸೋ ಅಂಕಿಗಳಲ್ಲಿ ಸೊನ್ನೆ ಅಂದರೆ ಬರೀ ಚುಕ್ಕೆ. ನಮ್ಮ ಸೊನ್ನೆಯ ಥರ ದುಂಡಗೆ ಕಾಣೋದು ಐದು. ಇಂಗ್ಲಿಷಿನ 7ರ ಹಾಗೆ ಕಾಣೋದು ಆರು. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಸಂಖ್ಯೆಗಳನ್ನ ನಮ್ಮ ಹಾಗೇ ದೊಡ್ಡ ಸ್ಥಾನ ಎಡಕ್ಕೆ ಬರೋ ಹಾಗೆ ಬರೀತಾರೆ. ಈ ಅಂಕಿಗಳಿಗೆ ಅವರು ಕರೆಯೋ ಹೆಸರು ‘ಹಿಂದಿಯ್ಯ’, ಅಂದರೆ ಭಾರತದ ಅಂಕಿಗಳು. ಇಂಗ್ಲಿಷಿನವರು ತಮ್ಮ ಅಂಕಿಯನ್ನ ಅರಬ್ಬಿ ಅಂತಾರೆ, ಅರಬ್ಬರು ತಮ್ಮದನ್ನ ಭಾರತದ್ದು ಅಂತಾರೆ.

ನೀವು ಇದನ್ನ ಆಂಡ್ರಾಯ್ಡ್ ಫೋನಿನಲ್ಲಿ ಓದ್ತಾ ಇದ್ದರೆ ಇನ್ನೊಂದು ವಿಷಯ ಕೇಳಿ. ‘ಕ್ಷ’, ‘ಸ್ತ್ರೀ’ ಅಂಥ ಅಕ್ಷರಗಳ ತುಂಡುಗಳನ್ನ ಜೋಡಿಸಿ ನಿಮ್ಮ ಪರದೆಯ ಮೇಲೆ ಕೂರಿಸೋ ತಂತ್ರಾಂಶದ ಹೆಸರು ‘ಹರ್ಫ್‌ಬಜ್’. ‘ಹರ್ಫ್’ ಅಂದರೆ ಅರಬ್ಬಿಯಲ್ಲಿ ಅಕ್ಷರ, ‘ಬಾಜ್’ ಅಂದರೆ ಪರ್ಷಿಯನ್ನಿನಲ್ಲಿ ತೆರೆದದ್ದು. ‘ಓಪನ್ ಟೈಪ್’ ಅನ್ನೋ ಅಕ್ಷರ ತಂತ್ರಜ್ಞಾನದ ಹೆಸರನ್ನೇ ಪರ್ಷಿಯನ್ನಿಗೆ ತಿರುಗಿಸಿಕೊಂಡಿದ್ದಾರೆ. ನನ್ನ ಪ್ರಾಜೆಕ್ಟ್ ನಿಂತಿದ್ದು ಇದರ ಮೇಲೇ.

ಮೂರು ವ್ಯಂಜನ, ಒಂದು ಅಚ್ಚು

ಮೂರನೇ ತಿಂಗಳಿಗೆ ಬರೋ ಪಾಠ ನನ್ನಂಥ ಕೋಡ್ ಬರೆಯೋರಿಗೆ ಹಬ್ಬ. ಅರಬ್ಬಿಯ ಬಹುತೇಕ ಪದಗಳಿಗೆ ಮೂರು ವ್ಯಂಜನದ ಬೇರು ಇರುತ್ತೆ. ಆ ಬೇರನ್ನ ಬೇರೆ ಬೇರೆ ಅಚ್ಚಿಗೆ ಹಾಕಿದರೆ ಬೇರೆ ಬೇರೆ ಪದ. ಅಚ್ಚು ಅಂದರೆ ಫಂಕ್ಷನ್, ಮೂರು ವ್ಯಂಜನ ಅದರ ಇನ್‌ಪುಟ್. ಕ-ತ-ಬ ಅನ್ನೋದು ಬರವಣಿಗೆಯ ಬೇರು. ‘ಕಾತಿಬ್’ ಬರೆಯುವವ, ‘ಮಕ್ತೂಬ್’ ಬರೆದದ್ದು, ‘ಮಕ್ತಬ್’ ಬರೆಯುವ ಜಾಗ ಅಂದರೆ ಆಫೀಸು. ನಿಘಂಟೂ ಹಾಗೇ. ವಿದ್ಯಾರ್ಥಿಗಳು ಬಳಸೋ ಹಾನ್ಸ್ ವೇರ್ ನಿಘಂಟಿನಲ್ಲಿ (ಜರ್ಮನ್‌ನಲ್ಲಿ 1952, ಇಂಗ್ಲಿಷಿನಲ್ಲಿ 1961) ‘ಮಕ್ತಬ್’ ಪದ ‘ಮ’ದಡಿ ಸಿಗಲ್ಲ, ‘ಕ’ದಡಿ ಹುಡುಕಬೇಕು.

ಮೇಡಂ ಬೋರ್ಡಿನ ಮೇಲೆ ಈ ಅಚ್ಚುಗಳನ್ನ ಬರೀತಾ ಹೋದ ಹಾಗೆ ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡ ತುಂಬ್ತಾ ಹೋಯ್ತು.

‘ಕಾತಿಬ್’ ಅಚ್ಚು ತಗೊಳ್ಳಿ. ಹಾಜರ್ (ಎದುರಿಗಿರುವವ), ಬಾಕಿ (ಉಳಿದಿರೋದು), ಜಾರಿ (ಹರೀತಾ ಇರೋದು), ಕಾಯಂ (ನಿಂತಿರೋದು), ಜಾಮೀನು (ಹೊಣೆ ಹೊತ್ತವ). ಎಲ್ಲ ಒಂದೇ ಫಂಕ್ಷನ್.

‘ಮಕ್ತೂಬ್’ ಅಚ್ಚು ನೋಡಿ. ಅ-ಮ-ಲ ಅನ್ನೋ ಬೇರಿಗೆ ಕೆಲಸ, ನಡೆಸೋದು ಅಂತ ಅರ್ಥ. ಅದರಿಂದ ಬಂದದ್ದು ಅಮಲು, ಅಮಲ್ದಾರ. ಅದನ್ನೇ ಈ ಅಚ್ಚಿಗೆ ಹಾಕಿದರೆ ಮಾಮೂಲು, ಅಂದರೆ ನಡೆದುಕೊಂಡು ಬಂದದ್ದು. ಮಾಮೂಲಿಗೆ ನಮ್ಮಲ್ಲಿರೋ ಇನ್ನೊಂದು ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಂಜೂರು ಕೂಡ ಇದೇ ಅಚ್ಚು. ನಜರು ಅಂದರೆ ನೋಟ, ಮಂಜೂರು ಅಂದರೆ ‘ನೋಡಿದ್ದು’. ಅಪ್ಪನ ಅರ್ಜಿ ಆರು ತಿಂಗಳು ಕಾದು ಮಂಜೂರಾದಾಗ ನಾನು ಹೇಳಿದೆ: ‘ಅಪ್ಪಾ, ಅದರ ಮೂಲ ಅರ್ಥ ಇಷ್ಟೇ, ವಾಟ್ಸಾಪಲ್ಲಿ ನೀಲಿ ಟಿಕ್ ಬಂದಂಗೆ.’ ಮಜಬೂತು, ಜಪ್ತಿ ಒಂದೇ ಬೇರಿನ ಅಕ್ಕತಂಗಿಯರು. ಬಿಗಿಯಾಗಿ ಹಿಡಿಯೋದು ಆ ಬೇರಿನ ಅರ್ಥ.

ಮೂರನೇ ಅಚ್ಚು ಕಸುಬಿನದ್ದು. ನಡುವಿನ ವ್ಯಂಜನಕ್ಕೆ ಒತ್ತು ಕೊಟ್ಟು ಎಳೀಬೇಕು. ‘ಹಮ್ಮಾಲ್’ ಹೊರೆ ಹೊರುವವ, ‘ದಲ್ಲಾಲ್’ ವ್ಯವಹಾರ ಕುದುರಿಸುವವ, ‘ಸರ್ರಾಫ್’ ಹಣ ವಿನಿಮಯ ಮಾಡುವವ. ಬಳ್ಳಾರಿ ಎಪಿಎಂಸಿಯಲ್ಲಿ ಒಂದು ಬೆಳಗ್ಗೆ ನಿಂತರೆ ಈ ಪಾಠ ಪೂರ್ತಿ ಕಣ್ಮುಂದೆ ಓಡಾಡುತ್ತೆ: ಹಮಾಲರು, ದಲಾಲರು. ಉತ್ತರ ಕರ್ನಾಟಕದ ಮನೆತನದ ಹೆಸರುಗಳೂ ಇಲ್ಲೇ ಇವೆ. ‘ನದ್ದಾಫ್’ ಹತ್ತಿ ಹಿಂಜುವವ, ಅದೇ ನದಾಫ್. ‘ಅತ್ತಾರ್’ ಸುಗಂಧ ಮಾರುವವ.

ಸಿರುಗುಪ್ಪದ ಮಾವನಿಗೆ ಇಷ್ಟವಾದದ್ದು ‘ಫಸಲು’. ನಮ್ಮ ಪಠ್ಯದಲ್ಲಿ ‘ಫಸ್ಲ್’ ಅಂದರೆ ತರಗತಿ, ಪುಸ್ತಕದ ಅಧ್ಯಾಯ, ಋತು. ಬೇರಿನ ಅರ್ಥ ಬೇರ್ಪಡಿಸೋದು. ವರ್ಷವನ್ನ ಭಾಗ ಮಾಡಿದರೆ ಋತು, ಋತುವಿಗೆ ಬಂದ ಬೆಳೆ ಫಸಲು. ಕೋರ್ಟಿನಲ್ಲಿ ಇಬ್ಬರ ಜಗಳ ಬೇರ್ಪಡಿಸಿದರೆ ಅದು ಫೈಸಲು. ತುಂಗಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೆಯೋ ಮಾವ ಇದನ್ನ ಕೇಳಿ, ‘ಅಂದ್ರ ಎರಡನೇ ಫಸಲಿಗೆ ನೀರು ಬಿಡ್ತಾರೋ ಇಲ್ಲೋ ಅನ್ನೋ ನಮ್ಮ ಜಗಳ ಎರಡೂ ಕಡಿ ಒಂದೇ ಶಬ್ದದಾಗ ಐತಿ ಬಿಡು’ ಅಂದರು.

‘ದಾದ್’ ನಮ್ಮಲ್ಲಿ ‘ಜ’ ಆಯ್ತು

ಅರಬ್ಬರು ತಮ್ಮ ಭಾಷೆಯನ್ನ ‘ದಾದ್ ಅಕ್ಷರದ ಭಾಷೆ’ ಅಂತ ಹೆಮ್ಮೆಯಿಂದ ಕರೀತಾರೆ. ನಾಲಿಗೆಯನ್ನ ಅಂಗಳಕ್ಕೆ ಒತ್ತಿ ಗಂಟಲಿಂದ ಭಾರ ಹಾಕಿ ಹೇಳೋ ಒಂದು ‘ದ’ ಅದು. ಪರ್ಷಿಯನ್ನರು ಅದನ್ನ ಸಲೀಸಾಗಿ ಇಂಗ್ಲಿಷ್ ‘ಜೆಡ್’ ಥರ ಉಚ್ಚರಿಸಿದರು. ನಮ್ಮ ಬಾಯಲ್ಲಿ ಅದು ಶುದ್ಧ ‘ಜ’ ಆಯ್ತು. ಹಾಗಾಗಿ ಜಿಲ್ಲೆ, ಅರ್ಜಿ, ಹಾಜರಿ, ಜಾಮೀನು, ಜಪ್ತಿ, ರಜೆ, ಕಾಜಿ ಇವುಗಳ ‘ಜ’ ಎಲ್ಲ ಮೂಲದಲ್ಲಿ ಆ ಪ್ರಸಿದ್ಧ ದಾದ್. ಜಿಲ್ಲೆ ಅಂದರೆ ಮೂಲದಲ್ಲಿ ಪಕ್ಕೆಲುಬು, ಪಕ್ಕ. ತಾಲೂಕು ಅಂದರೆ ಅಂಟಿಕೊಂಡಿರೋದು, ಸಂಬಂಧ.

ಕೆಲವು ಕಡೆ ಕನ್ನಡ ಮೂಲವನ್ನ ಅಚ್ಚುಕಟ್ಟಾಗಿ ಉಳಿಸಿಕೊಂಡಿದೆ. ಹಕ್ಕು, ರದ್ದು, ಹದ್ದು, ಈ ಪದಗಳ ಒತ್ತು ಅರಬ್ಬಿಯದ್ದೇ. ಹದ್ದು ಅಂದರೆ ಎಲ್ಲೆ. ಹೊಲ ಅಳೆಸೋಕೆ ಕೊಡೋ ಹದ್ದುಬಸ್ತು ಅರ್ಜಿಯಲ್ಲಿ ‘ಹದ್ದು’ ಅರಬ್ಬಿ, ‘ಬಸ್ತು’ ಪರ್ಷಿಯನ್, ಅಳೀತಿರೋ ಹೊಲ ಕುರುಗೋಡಿನದು.

ಕೆಲವು ಕಡೆ ನಾವು ಎರಡನ್ನ ಒಂದು ಮಾಡಿದ್ದೀವಿ. ಕರಾರು, ತಕರಾರು ಕೇಳಿದರೆ ಅಣ್ಣತಮ್ಮ ಅನ್ನಿಸುತ್ತೆ. ಅರಬ್ಬಿಯಲ್ಲಿ ಎರಡಕ್ಕೂ ಬೇರೆ ಬೇರೆ ‘ಕ’. ಕರಾರಿನ ‘ಕ’ ಗಂಟಲಾಳದ್ದು, ಅರ್ಥ ನೆಲೆಗೊಂಡದ್ದು, ತೀರ್ಮಾನ. ತಕರಾರಿನ ‘ಕ’ ನಮ್ಮ ಕನ್ನಡದ್ದೇ ಥರ, ಅರ್ಥ ಪುನರಾವರ್ತನೆ. ಹೇಳಿದ್ದನ್ನೇ ಹೇಳ್ತಾ ಇದ್ದರೆ ಅದು ತಕರಾರಾಗೋದು ಸಹಜವೇ.

ಬಳ್ಳಾರಿಗೆ ಇವು ಬಂದದ್ದು ಹೇಗೆ?

ಬಳ್ಳಾರಿ ಸೀಮೆ 1800ರಲ್ಲಿ ಹೈದರಾಬಾದ್ ನಿಜಾಮರ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯ್ತು. ಬಿಟ್ಟುಕೊಟ್ಟ ಸೀಮೆ ಅನ್ನೋ ಕಾರಣಕ್ಕೇ ಇದಕ್ಕೆ ದತ್ತಮಂಡಲ ಅಂತ ಹೆಸರು. ಮೊದಲ ಮುಖ್ಯ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1807ರ ತನಕ ಇಲ್ಲಿದ್ದ. ಜಮೀನ್ದಾರರ ಮೂಲಕ ಹೋಗದೆ ಉಳುವವನ ಜೊತೆಗೇ ನೇರವಾಗಿ ಕಂದಾಯ ಗೊತ್ತುಮಾಡೋ ರೈತವಾರಿ ಪದ್ಧತಿ ಅವನ ಹೆಸರಿನ ಜೊತೆ ಸೇರಿಕೊಂಡಿದೆ. ಕಂಪನಿ ಬಂದರೂ ಕಚೇರಿಯ ಮಾತು ಬದಲಾಗಲಿಲ್ಲ. ತಹಸೀಲು, ಜಮಾಬಂದಿ, ಇನಾಮು, ಖರಾಬು, ಎಲ್ಲ ಹಾಗೇ ಮುಂದುವರಿದವು. ಆಮೇಲೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಆಳಿದವರು ಬದಲಾದರು, ಪಹಣಿಯ ಶಬ್ದ ಬದಲಾಗಲಿಲ್ಲ.

‘ರೈತ’ ಅನ್ನೋ ಶಬ್ದವೇ ಅರಬ್ಬಿಯ ‘ರಇಯ್ಯತ್’. ಅದರ ಬೇರು ಕಾಯೋದು, ಮೇಯಿಸೋದು. ‘ರಾಈ’ ಅಂದರೆ ಕುರಿ ಕಾಯುವವ, ‘ರಇಯ್ಯ’ ಅಂದರೆ ಅವನು ಕಾಯುವ ಹಿಂಡು, ಆಮೇಲೆ ದೊರೆಯ ಪ್ರಜೆ, ಕೊನೆಗೆ ನಮ್ಮಲ್ಲಿ ಹೊಲ ಉಳುವವ. ಅಪ್ಪನಿಗೆ ಇದನ್ನ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಕಾಯೋರು ಯಾರು ಅಂತ ಅದರಾಗ ಬರದಿಲ್ಲೇನು?’ ಅಂತ ಕೇಳಿದರು.

ಕೌಲ್ ಬಜಾರಿನ ಗೆಳೆಯ

ರಜೆಗೆ ಬಂದಾಗಲೆಲ್ಲ ನಾನು ಹೋಗ್ತಿದ್ದುದು ಬಳ್ಳಾರಿಯ ಕೌಲ್ ಬಜಾರಿಗೆ, ಬಿ.ಇ. ಜೊತೆಗಾರನ ಮನೆಗೆ. ಕೌಲು ಅಂದರೂ ಅರಬ್ಬಿಯೇ. ಮೂಲದಲ್ಲಿ ‘ಮಾತು’, ನಮ್ಮ ಹಳೇ ಕಾಗದಗಳಲ್ಲಿ ಕೊಟ್ಟ ಮಾತು, ಒಪ್ಪಂದ. ಅವರದ್ದು ಜೀನ್ಸ್ ಹೊಲಿಸೋ ಸಣ್ಣ ಘಟಕ. ಅವನು ಚಿಕ್ಕಂದಿನಲ್ಲೇ ಕುರ್‌ಆನ್ ಓದೋದನ್ನ ಕಲಿತವನು. ನಾನು ತಡವರಿಸಿ ಒಂದು ಸಾಲು ಮುಗಿಸೋದರೊಳಗೆ ಅವನು ಒಂದು ಪುಟ ಓದ್ತಿದ್ದ. ಅರಬ್ಬಿಯ ಎರಡು ‘ಹ’ಗಳಲ್ಲಿ ಗಟ್ಟಿ ‘ಹ’ ನನಗೆ ಬಂದಿದ್ದು ಅವನಿಂದಲೇ: ‘ಕನ್ನಡಕ ಒರೆಸೋಕೆ ಮುಂಚೆ ಗ್ಲಾಸಿಗೆ ಹಾ ಅಂತ ಊದ್ತೀಯಲ್ಲ, ಅಲ್ಲಿಂದ ತೆಗಿಯೋ.’

ಆದರೆ ಅವನ ಓದು ಸ್ವರಚಿಹ್ನೆ ಹಾಕಿದ ಪಠ್ಯದ್ದು, ಅರ್ಥ ಕಲಿಸಿರಲಿಲ್ಲ. ಒಂದು ದಿನ ಅರಬ್ಬಿ ಪತ್ರಿಕೆಯ ಪುಟ ಫೋನಿನಲ್ಲಿ ತೆರೆದೆವು. ಸ್ವರಚಿಹ್ನೆ ಇಲ್ಲ. ಅಲ್ಲಿ ಬೇರು ಹುಡುಕೋದು ನನ್ನ ಕೆಲಸ, ಅದನ್ನ ಬಾಯಿ ತುಂಬ ಸರಿಯಾಗಿ ಹೇಳೋದು ಅವನ ಕೆಲಸ. ಇಬ್ಬರದ್ದೂ ಅರ್ಧರ್ಧ. ಅವರ ಅಮ್ಮ ಚಹಾ ತಂದಿಟ್ಟು, ‘ಇಬ್ರೂ ಸೇರಿ ಒಬ್ಬ ಮನುಷ್ಯ ಆದ್ರಿ’ ಅಂದರು. ಮುಂದಿನ ವರ್ಷ ಅವನೂ ವ್ಯಾಕರಣ ಕಲಿಯೋಕೆ ಶುರು ಮಾಡಿದ.

ಗಲ್ಫಿನಲ್ಲಿ ವರ್ಷಗಟ್ಟಲೆ ಡ್ರೈವರ್ ಆಗಿದ್ದು ಬಂದ ಅವರ ಬೀದಿಯ ಅಣ್ಣ ಒಬ್ಬರು ನನ್ನ ಅರಬ್ಬಿ ಕೇಳಿ ಹೇಳಿದ್ದು ಬೇರೆ: ‘ತಮ್ಮಾ, ಹಂಗ ಟೀವಿಯಾಗ ನ್ಯೂಸ್ ಓದೋರು ಮಾತಾಡ್ತಾರ.’ ಅದೂ ನಿಜವೇ. ಕ್ಲಾಸಿನಲ್ಲಿ ಕಲಿಸೋದು ‘ಫುಸ್ಹಾ’, ಬರಹದ ಅರಬ್ಬಿ. ಬೀದಿಯಲ್ಲಿ ಊರಿಗೊಂದು ಆಡುಮಾತು. ‘ನಿನಗೆ ಏನು ಬೇಕು’ ಅಂತ ಪುಸ್ತಕದಲ್ಲಿ ಒಂದು ಥರ, ರಿಯಾದ್ ಅಂಗಡಿಯಲ್ಲಿ ಇನ್ನೊಂದು ಥರ. ‘ಮಾಡುತ್ತಿದ್ದೇನೆ’ ಅಂತ ಬರೆದು ‘ಮಾಡಾಕತ್ತೀನಿ’ ಅಂತ ಮಾತಾಡೋ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದು ಮಾತ್ರ ನೆನಪಿಡಬೇಕು. ಕಾಗದಗಳು ಇರೋದು ಫುಸ್ಹಾದಲ್ಲಿ.

ಕಾಗದದ ಬಲಭಾಗ

2023ರಲ್ಲಿ ಮಾವನ ಬೀದಿಯ ಹುಡುಗನೊಬ್ಬ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ. ಸಿರುಗುಪ್ಪದ ಅಕ್ಕಿ ಮಿಲ್ಲುಗಳಿಗೆ ಲಾರಿ ಓಡಿಸ್ತಿದ್ದವನು, ಸೌದಿಯಲ್ಲಿ ಡ್ರೈವರ್ ಕೆಲಸ ಅಂತ ಏಜೆಂಟ್ ಕೊಟ್ಟ ಕರಾರು ಪತ್ರ. ಎಡಗಡೆ ಇಂಗ್ಲಿಷ್, ಬಲಗಡೆ ಅರಬ್ಬಿ. ‘ಅಣ್ಣಾ, ನಿಮಗ ಬರ್ತೈತಂತಲ್ಲ, ಒಂದ್ಸಲ ನೋಡ್ರಿ’ ಅಂತ ಧ್ವನಿ ಸಂದೇಶ.

ಮೂರು ಪರ್ಸೆಂಟ್ ಅರಬ್ಬಿಯಲ್ಲಿ ಕರಾರು ಪತ್ರ ಓದೋಕಾಗಲ್ಲ. ಆದರೆ ಅಂಕಿ ಓದಬಹುದು. ಸಂಬಳದ ಸಂಖ್ಯೆ ಎರಡೂ ಕಡೆ ಒಂದೇ ಇತ್ತು. ಕೆಲಸದ ಹೆಸರಿಗೆ ಬಂದೆ. ಇಂಗ್ಲಿಷಿನಲ್ಲಿ ‘ಡ್ರೈವರ್’ ಅಂತ ಒಂದೇ ಪದ. ಅರಬ್ಬಿಯಲ್ಲಿ ಎರಡು: ‘ಸಾಇಕ್ ಖಾಸ್’. ಸಾಇಕ್ ಅಂದರೆ ಓಡಿಸುವವ, ಅದೇ ‘ಕಾತಿಬ್’ ಅಚ್ಚು. ಖಾಸ್? ಅದಕ್ಕೆ ನಿಘಂಟು ಬೇಕಾಗಲಿಲ್ಲ, ಖಾಸಗಿ. ಖಾಸಗಿ ಡ್ರೈವರ್, ಅಂದರೆ ಒಂದು ಮನೆಯ ಡ್ರೈವರ್.

ಈ ಒಂದು ಪದದಿಂದ ಆಗೋ ವ್ಯತ್ಯಾಸ ದೊಡ್ಡದು. ಸೌದಿಯ ಕಾರ್ಮಿಕ ಕಾನೂನು ಮನೆಗೆಲಸದವರಿಗೆ ಅನ್ವಯ ಆಗಲ್ಲ, ಮನೆ ಡ್ರೈವರ್‌ಗಳೂ ಆ ಪಟ್ಟಿಯಲ್ಲೇ ಬರ್ತಾರೆ. ಅವರಿಗೆ ಬೇರೆ ನಿಯಮಾವಳಿ ಇದೆ. ಕೆಲಸದ ಅವಧಿ, ರಜೆ, ದೂರು ಕೊಡೋ ದಾರಿ ಎಲ್ಲ ಬೇರೆ. ಅದೇ ಕಾನೂನು ಹೇಳೋ ಇನ್ನೊಂದು ಮಾತು: ಕರಾರು ಎರಡು ಭಾಷೆಯಲ್ಲಿದ್ದು ವ್ಯತ್ಯಾಸ ಬಂದರೆ ನಿಲ್ಲೋದು ಅರಬ್ಬಿ ಪಠ್ಯ. ಹುಡುಗ ಓದಿ ಸಹಿ ಹಾಕೋದು ಎಡಭಾಗಕ್ಕೆ, ಅವನನ್ನ ಕಟ್ಟಿಹಾಕೋದು ಬಲಭಾಗ.

ಏಜೆಂಟ್‌ನನ್ನ ಕೇಳಿದ್ದಕ್ಕೆ ‘ಎರಡೂ ಒಂದೇ’ ಅಂದನಂತೆ. ಕೌಲ್ ಬಜಾರಿನ ಗೆಳೆಯನ ಮೂಲಕ, ರಿಯಾದ್‌ನ ಆಫೀಸೊಂದರಲ್ಲಿ ಹನ್ನೆರಡು ವರ್ಷ ಲೆಕ್ಕ ಬರೆದು ಬಂದ ಹಿರಿಯರಿಂದ ಇಡೀ ಪತ್ರ ಓದಿಸಿದೆವು. ಅವರೂ ಅದನ್ನೇ ಹೇಳಿದರು, ಇದು ಮನೆ ಕೆಲಸ. ಜೊತೆಗೆ ಹುಡುಗನಿಗೆ ಕೇಳಬೇಕಾದ ಪ್ರಶ್ನೆಗಳನ್ನ ಒಂದು ಚೀಟಿಯಲ್ಲಿ ಬರೆದುಕೊಟ್ಟರು: ವಾರದ ರಜೆ ಯಾವಾಗ, ಇರೋಕೆ ಜಾಗ ಎಲ್ಲಿ, ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತೆ.

ಅವನು ಹತ್ತು ದಿನ ಯೋಚನೆ ಮಾಡಿದ. ಮನೆ ಮೇಲೆ ಸಾಲ ಇತ್ತು, ತಂಗಿ ಮದುವೆ ಇತ್ತು. ಕೊನೆಗೆ ಆ ಮೂರು ವಿಷಯ ಕರಾರಿನಲ್ಲಿ ಸೇರಿಸಿಕೊಂಡೇ ಹೋದ. ಹೋಗಬೇಡ ಅಂತ ನಾನು ಹೇಳಲಿಲ್ಲ, ಹೇಳೋ ಹಕ್ಕೂ ನನಗಿರಲಿಲ್ಲ. ಯಾವ ಕೆಲಸಕ್ಕೆ ಹೋಗ್ತಿದೀನಿ ಅಂತ ಗೊತ್ತಿದ್ದು ಹೋದ, ಅಷ್ಟೇ ನಮ್ಮ ಕೈಯಲ್ಲಿದ್ದದ್ದು.

ನೀವೂ ಶುರು ಮಾಡೋದಾದರೆ

ಮೊದಲು ಅಕ್ಷರ ಮತ್ತು ಅಂಕಿ. ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ಎರಡು ಮೂರು ವಾರದಲ್ಲಿ ಕೈಗೆ ಬರುತ್ತೆ. ಫೋನಿಗೆ ಅರಬ್ಬಿ ಕೀಬೋರ್ಡ್ ಸೇರಿಸಿಕೊಳ್ಳಿ, ಬರೆದರೆ ಬೇಗ ನೆನಪುಳಿಯುತ್ತೆ. ಕನ್ನಡದಲ್ಲಿ ಮೊದಲೇ ಇರೋ ಪದಗಳ ಪಟ್ಟಿ ಮಾಡಿ. ಜಿ. ವೆಂಕಟಸುಬ್ಬಯ್ಯ ಅವರ ‘ಎರವಲು ಪದಕೋಶ’ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೇದು. ನೂರು ಪದದ ಬಂಡವಾಳ ನಿಮ್ಮ ಜೇಬಿನಲ್ಲೇ ಇದೆ. ಉಚ್ಚಾರಣೆ ಮಾತ್ರ ಗುರು ಇಲ್ಲದೆ ಬರಲ್ಲ, ಪಕ್ಕದ ಬೀದಿಯಲ್ಲಿ ಕೇಳಿ ನೋಡಿ.

ನಿಮ್ಮವರು ಯಾರಾದರೂ ಗಲ್ಫಿಗೆ ಹೊರಟಿದ್ದರೆ ಇನ್ನೆರಡು ಮಾತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ‘ಇಸಿಆರ್’ ಅನ್ನೋ ಗುರುತು ಇರುತ್ತೆ. ಅಂಥವರು ಸೌದಿ, ಯುಎಇ, ಕತಾರ್, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗೋಕೆ ಭಾರತ ಸರ್ಕಾರದ ಅನುಮತಿ ಬೇಕು. ಅದು ಸಿಗೋದು ‘ಇ-ಮೈಗ್ರೇಟ್’ ಪೋರ್ಟಲ್ ಮೂಲಕ. ಏಜೆಂಟ್ ನೋಂದಾಯಿತನೋ ಅಲ್ಲವೋ ಅಂತಲೂ ಅಲ್ಲೇ ನೋಡಬಹುದು. ಇವರಿಗೆ ಕಡ್ಡಾಯವಾಗಿರೋ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವು, ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ವಿಮೆ ಇದೆ. ಸಹಿ ಹಾಕೋ ಮುಂಚೆ ಕಾಗದದ ಬಲಭಾಗವನ್ನ ಓದಬಲ್ಲವರ ಕೈಗೆ ಕೊಡಿ.

ಆ ಸೆಮಿಸ್ಟರಿನಲ್ಲಿ ಕಲಿತ ಪದಗಳಲ್ಲಿ ಈಗಲೂ ಬಿಡದೆ ಕಾಡೋದು ‘ಗರೀಬ್’. ನಮ್ಮಲ್ಲಿ ಗರೀಬ ಅಂದರೆ ಬಡವ. ಅರಬ್ಬಿಯಲ್ಲಿ ಅದರ ಅರ್ಥ ಪರಊರಿನವನು, ಅಪರಿಚಿತ. ಊರು ಬಿಟ್ಟು ಬಂದವನ ಹೆಸರು ಪರ್ಷಿಯನ್, ಉರ್ದು ದಾಟಿ ಬರೋ ಹೊತ್ತಿಗೆ ಬಡವನ ಹೆಸರಾಗಿಬಿಟ್ಟಿತು. ನಮ್ಮದೇ ‘ಪರದೇಶಿ’ ಕೂಡ ಇದೇ ದಾರಿ ಹಿಡಿದ ಪದ. ಕುರುಗೋಡಿನಲ್ಲಿ ಯಾರನ್ನಾದರೂ ‘ಪಾಪ, ಪರದೇಶಿ’ ಅಂದರೆ ಹೇಳೋರು ಕೇಳೋರು ಇಲ್ಲದವನು ಅಂತಲೇ ಅರ್ಥ. ಎರಡು ಭಾಷೆ ಬೇರೆ ಬೇರೆಯಾಗಿ ಒಂದೇ ಸತ್ಯ ಕಂಡುಕೊಂಡಿವೆ.

ಸಿರುಗುಪ್ಪದ ಹುಡುಗ ಈಗ ಶುಕ್ರವಾರಗಳಲ್ಲಿ ಫೋನ್ ಮಾಡ್ತಾನೆ. ಅದು ಅವನ ರಜೆಯ ದಿನ. ಅಂಗಡಿ ಬೋರ್ಡುಗಳನ್ನ ಒಂದೊಂದೇ ಅಕ್ಷರ ಕೂಡಿಸಿ ಓದೋಕೆ ಕಲೀತಿದಾನೆ. ಮೊನ್ನೆ ಕೇಳಿದ: ‘ಅಣ್ಣಾ, ಇಲ್ಲೊಂದು ಗೇಟಿನ ಮ್ಯಾಲೆ ದುಖೂಲ್ ಅಂತ ಬರದೈತ್ರಿ. ಒಳಗ ಹೋಗೋದು ಅಂತಂತ. ನಮ್ಮ ದಾಖಲೆ ಇದಾ ಏನ್ರಿ?’

ಹೌದಪ್ಪ, ಅದೇ ಬೇರು.